ನಾಯಿಯ ಪಾದಕ್ಕೆ ಔಷಧಿ ಶಾಂಪೂ: ಉಡುಪಿಯ ಒಂದು ಮಳೆಗಾಲದ ಅನುಭವ

ಕ್ಲೋರ್‌ಹೆಕ್ಸಿಡಿನ್ ಗ್ಲುಕೋನೇಟ್ ಮತ್ತು ಮೈಕೊನಜೋಲ್ ನೈಟ್ರೇಟ್ ಎಂಬ, ಒಂದು ರೋಗಾಣುವನ್ನೂ ಇನ್ನೊಂದು ಶಿಲೀಂಧ್ರವನ್ನೂ ಕೊಲ್ಲುವ ಎರಡು ಔಷಧಗಳು ತಲಾ ಶೇಕಡಾ 2ರಷ್ಟಿರುವ, ನಾಯಿಗಳಿಗೆಂದೇ ತಯಾರಾದ ಶಾಂಪೂವನ್ನು ಕಳೆದ ವರ್ಷ ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ, ಒಟ್ಟು 16 ವಾರ, ನಮ್ಮ ಮನೆಯ ನಾಯಿಯ ಪಾದಗಳಿಗೆ ಬಳಸಿದ್ದೇನೆ. ಇದೇ ಬಗೆಯ ಮಿಶ್ರಣವನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಕೆಲವದರಲ್ಲಿ ಮೈಕೊನಜೋಲ್ ಬದಲಿಗೆ ಕೀಟೊಕೊನಜೋಲ್ ಇರುತ್ತದೆ. ಬಾಟಲಿಯ ಮುಂಭಾಗದ ಹೆಸರಿಗಿಂತ ಹಿಂಭಾಗದಲ್ಲಿ ಬರೆದಿರುವ ಔಷಧಗಳನ್ನು ಓದಿ ಕೊಳ್ಳಬೇಕಾದ ವಸ್ತು ಇದಾದ್ದರಿಂದ ನಾನು ಬ್ರ್ಯಾಂಡಿನ ಹೆಸರು ಬರೆಯುತ್ತಿಲ್ಲ. ನಮ್ಮ ಓಣಿಯಲ್ಲೇ ಎರಡು ಮನೆಯವರು ಇಂಥ ಶಾಂಪೂ ತಂದು, ಸಾದಾ ಶಾಂಪೂವಿನಂತೆ ಹಚ್ಚಿ ತೊಳೆದು, ಪ್ರಯೋಜನವಿಲ್ಲವೆಂದು ಬಚ್ಚಲಿನ ಮೂಲೆಗೆ ಸರಿಸಿಟ್ಟಿದ್ದಾರೆ. ಇದು ಕೆಲಸ ಮಾಡುತ್ತದೆ, ಆದರೆ ರೋಗ ಯಾವುದೆಂದು ತಿಳಿದ ಮೇಲೆ, ಹತ್ತು ನಿಮಿಷ ಕಾದು ತೊಳೆದು, ಕಾಲನ್ನು ಪೂರ್ತಿ ಒಣಗಿಸಿದರೆ ಮಾತ್ರ. ಆ ಮೂರರಲ್ಲಿ ಒಂದು ತಪ್ಪಿದಾಗ ಏನಾಗುತ್ತದೆ ಎಂಬುದನ್ನೂ ಇದೇ 16 ವಾರಗಳಲ್ಲಿ ಕಂಡಿದ್ದೇನೆ.

ನಮ್ಮ ನಾಯಿ ಬೊಳ್ಳು ಊರಿನ ತಳಿಯದು, ನಾಲ್ಕು ವರ್ಷದ್ದು, ತೂಕ ಸುಮಾರು 18 ಕಿಲೋ. ತುಳುನಾಡಿನಲ್ಲಿ ಬಿಳಿ ನಾಯಿಗೆ ಇಡುವ ಹೆಸರೇ ಅದಕ್ಕೂ ಬಂದಿದೆ. ಉಡುಪಿಯ ಸಂತೆಕಟ್ಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಗೆ ಮುರಕಲ್ಲು ಹಾಸಿದ ಅಂಗಳವಿದೆ, ಹಿಂದೆ ಸಣ್ಣ ಅಡಿಕೆ ತೋಟವಿದೆ. ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅದರ ಮುಂಗಾಲುಗಳ ಬೆರಳ ಸಂದಿನ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗತೊಡಗಿತು. ಮುರಕಲ್ಲಿನ ಕೆಂಪು ನೀರು ಹಿಡಿದಿರಬೇಕೆಂದು ನಾವು ಹಲವು ದಿನ ಸುಮ್ಮನಿದ್ದೆವು. ಅದು ಮಣ್ಣಿನ ಬಣ್ಣವಲ್ಲ. ನಾಯಿಯ ಜೊಲ್ಲಿನಲ್ಲಿ ಪೋರ್ಫಿರಿನ್ ಎಂಬ ಬಣ್ಣದ ವಸ್ತುವಿದ್ದು, ಒಂದೇ ಜಾಗವನ್ನು ದಿನವೂ ನೆಕ್ಕಿದರೆ ತಿಳಿ ಬಣ್ಣದ ಕೂದಲು ಹೀಗೆ ಕಂದುಗೆಂಪಾಗುತ್ತದೆ. ಬಿಳಿ ನಾಯಿ ಸಾಕಿದವರಿಗೆ ಇದು ಮೊದಲ ಸೂಚನೆ, ಕರಿ ನಾಯಿಯಲ್ಲಿ ಇದು ಕಾಣುವುದೇ ಇಲ್ಲ. ನಮಗೆ ಎಚ್ಚರವಾದದ್ದು ರಾತ್ರಿಯ ಸದ್ದಿನಿಂದ. ಮಳೆ ಸ್ವಲ್ಪ ಬಿಟ್ಟ ಹೊತ್ತಿನಲ್ಲಿ ಜಗಲಿಯಿಂದ ಚಪ್ ಚಪ್ ಎಂಬ ಸದ್ದು ಒಂದೇ ಸಮನೆ ಅರ್ಧ ಗಂಟೆ ಕೇಳುತ್ತಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದು ಅದರ ಬೆರಳುಗಳನ್ನು ಬಿಡಿಸಿ ನೋಡಿದಾಗ, ಸಂದಿನ ಚರ್ಮ ಕೆಂಪಾಗಿ, ಮೇಣ ಸವರಿದಂತೆ ಜಿಡ್ಡಾಗಿತ್ತು. ಉಗುರಿನ ಬುಡದಲ್ಲಿ ಕಂದು ಕೊಳೆ ಕಟ್ಟಿತ್ತು. ಹಳೆಯ ಎಣ್ಣೆ ಕಮಟಿದಂತಹ ವಾಸನೆ ಬರುತ್ತಿತ್ತು.

ಶಾಂಪೂವಿಗೆ ಬರುವ ಮೊದಲು ನಾನು ಮಾಡಿದ ಎರಡು ತಪ್ಪುಗಳನ್ನು ಹೇಳಬೇಕು, ಏಕೆಂದರೆ ಈ ಭಾಗದ ಹೆಚ್ಚಿನ ಮನೆಗಳಲ್ಲಿ ಮೊದಲು ಆಗುವುದು ಅದೇ. "ಎಣ್ಣೆ ಅರಸಿನ ಹಾಕಿ ಮಾರಾಯ್ರೆ, ಎರಡು ದಿನದಲ್ಲಿ ಹೋಗ್ತದೆ" ಎಂದು ಆಚೆಮನೆಯ ಅಕ್ಕ ಪ್ರೀತಿಯಿಂದಲೇ ಹೇಳಿದರು, ನಾನೂ ಹಾಕಿದೆ. ತೆಂಗಿನೆಣ್ಣೆಯ ರುಚಿಗೆ ಬೊಳ್ಳು ಮೊದಲಿಗಿಂತ ಹೆಚ್ಚು ನೆಕ್ಕಿತು, ಸಂದು ಮೊದಲಿಗಿಂತ ಹೆಚ್ಚು ತೇವವಾಯಿತು. ಆಮೇಲೆ ಔಷಧಿ ಅಂಗಡಿಯೊಂದರಿಂದ ಮನುಷ್ಯರ ತುರಿಕೆಗೆ ಹಚ್ಚುವ ಟ್ಯೂಬ್ ತಂದು ನಾಲ್ಕು ದಿನ ಹಚ್ಚಿದೆ. ನಾಯಿಯ ಪಾದಕ್ಕೆ ಹಚ್ಚಿದ ಪ್ರತಿಯೊಂದು ವಸ್ತುವೂ ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆಗೆ ಹೋಗುತ್ತದೆ ಎಂಬ ಸರಳ ವಿಷಯ ಆಗ ನನಗೆ ಹೊಳೆಯಲಿಲ್ಲ. ನಮ್ಮ ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರಬಹುದು. ಡೈಪರ್ ಗುಳ್ಳೆಗೆ ಹಚ್ಚುವ ಬಿಳಿ ಕ್ರೀಮಿನಲ್ಲಿರುವ ಜಿಂಕ್ ಆಕ್ಸೈಡ್ ನಾಯಿಯ ಹೊಟ್ಟೆಗೆ ಸೇರಿದರೆ ವಿಷ. ಟೀ ಟ್ರೀ ಎಣ್ಣೆಯೂ ವಿಷವೇ. ಗಾಯಕ್ಕೆ ಬಳಸುವ ಡೆಟಾಲ್‌ನಂತಹ ದ್ರಾವಣ ಕೆರಳಿದ ಚರ್ಮವನ್ನು ಇನ್ನಷ್ಟು ಉರಿಸುತ್ತದೆ. ಈ ಯಾವುದನ್ನೂ ದಯವಿಟ್ಟು ಪ್ರಯೋಗಿಸಬೇಡಿ.

ಕೊನೆಗೆ ಪಶುವೈದ್ಯರ ಬಳಿಗೆ ಹೋದಾಗ ಅವರು ನಾಯಿಯನ್ನು ಮುಟ್ಟುವ ಮೊದಲು ನನ್ನನ್ನೇ ಐದು ನಿಮಿಷ ವಿಚಾರಿಸಿದರು. "ಒಂದೇ ಕಾಲಾ, ಎರಡೂ ಕಾಲಾ? ಬೇಸಿಗೆಯಲ್ಲಿಯೂ ಉಂಟಾ? ಕಿವಿ ಕೆರೆದುಕೊಳ್ಳುತ್ತದಾ? ಊಟಕ್ಕೆ ಏನು ಹಾಕ್ತೀರಿ?" ಈ ಪ್ರಶ್ನೆಗಳ ಬೆಲೆ ನನಗೆ ಆಮೇಲೆ ತಿಳಿಯಿತು. ನಾಯಿ ಇದ್ದಕ್ಕಿದ್ದಂತೆ ಒಂದೇ ಕಾಲನ್ನು ನೆಕ್ಕತೊಡಗಿದರೆ ಮುಳ್ಳು, ಗಾಜಿನ ಚೂರು, ಸೀಳಿದ ಉಗುರು, ಗಾಯ ಅಥವಾ ಗಂಟು ಹುಡುಕಬೇಕು. ಎರಡು ಮುಂಗಾಲುಗಳನ್ನೋ ನಾಲ್ಕೂ ಕಾಲುಗಳನ್ನೋ ನೆಕ್ಕಿದರೆ ಅಲರ್ಜಿ ಅಥವಾ ಸೋಂಕಿನ ಸಾಧ್ಯತೆ ಹೆಚ್ಚು. ವಯಸ್ಸಾದ ನಾಯಿ ಮಣಿಕಟ್ಟಿನ ಮೇಲೆ ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ದಪ್ಪ ಮಾಡಿಕೊಂಡಿದ್ದರೆ, ಒಳಗಿನ ಕೀಲುನೋವಿಗೆ ಅದು ತನಗೆ ತಾನೇ ಮಾಡಿಕೊಳ್ಳುವ ಉಪಚಾರವಾಗಿರಬಹುದು. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಬೇಸರಕ್ಕೂ ನೆಕ್ಕುತ್ತದೆ. ಅಂಥ ನಾಯಿಗೆ ಬೇಕಾದದ್ದು ಶಾಂಪೂವಲ್ಲ, ದಿನಕ್ಕೆ ಎರಡು ಹೊತ್ತಿನ ತಿರುಗಾಟ.

ವೈದ್ಯರು ಬೊಳ್ಳುವಿನ ಬೆರಳ ಸಂದಿಗೆ ಪಾರದರ್ಶಕ ಅಂಟುಪಟ್ಟಿಯ ತುಂಡೊಂದನ್ನು ಒತ್ತಿ ತೆಗೆದು, ಬಣ್ಣದ ದ್ರಾವಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೂ ತೋರಿಸಿದರು. ನೆಲಗಡಲೆ ಕಾಯಿಯಂತೆ ನಡು ಸಣಕಲಾದ ನೀಲಿ ಚುಕ್ಕೆಗಳು ಗುಂಪುಗುಂಪಾಗಿ ಕಂಡವು. ಅದು ಮಲಸೇಜಿಯಾ ಎಂಬ ಯೀಸ್ಟ್, ಶಿಲೀಂಧ್ರದ ಜಾತಿಯದು. ಆರೋಗ್ಯವಂತ ನಾಯಿಯ ಚರ್ಮದ ಮೇಲೆಯೂ ಅದು ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ; ತೇವ, ಜಿಡ್ಡು ಮತ್ತು ಬಿಸಿ ಸಿಕ್ಕಿದಾಗ ಮಿತಿಮೀರಿ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಜಿಲ್ಲೆಯಲ್ಲಿ ನಾಯಿಯ ಬೆರಳ ಸಂದಿಗಿಂತ ಒಳ್ಳೆಯ ಜಾಗ ಆ ಯೀಸ್ಟಿಗೆ ಸಿಗಲಾರದು. ನಾಯಿ ಬೆವರುವುದು ಹೆಚ್ಚಾಗಿ ಅಂಗಾಲಿನಿಂದ, ಅದರ ಮೇಲೆ ಮಳೆಯ ನೀರು, ಅದರ ಮೇಲೆ ಜೊಲ್ಲು. ನೆಕ್ಕಿದಷ್ಟೂ ತೇವ, ತೇವವಾದಷ್ಟೂ ಯೀಸ್ಟ್, ಯೀಸ್ಟ್ ಹೆಚ್ಚಿದಷ್ಟೂ ತುರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು, ಶಾಂಪೂ ಕಡಿಯುವುದು ನಡುವಿನ ಕೊಂಡಿಯನ್ನು.

ಹುಳದ ಶಂಕೆಯನ್ನೂ ಅವರು ಅದೇ ದಿನ ಪರೀಕ್ಷಿಸಿ ತಳ್ಳಿಹಾಕಿದರು. ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ ಪಾದದಲ್ಲಿ ಸೇರಿಕೊಂಡರೂ ನೋಟಕ್ಕೆ ಇದೇ ರೀತಿ ಕೆಂಪಾಗುತ್ತದೆ, ಆದರೆ ಅದಕ್ಕೆ ಚರ್ಮವನ್ನು ಕೆರೆದು ನೋಡಬೇಕು, ಮದ್ದು ಗುಳಿಗೆಯ ರೂಪದಲ್ಲಿ ಬೇರೆಯೇ ಇದೆ. ಉಣುಗುಗಳು ಬೆರಳ ಸಂದಿನಲ್ಲಿ ಅಡಗುವುದು ನಮಗೆಲ್ಲ ಗೊತ್ತಿರುವುದೇ. ಒದ್ದೆ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮವನ್ನು ಕೊರೆದು ಒಳಹೋಗಬಲ್ಲವು ಎಂಬುದು ನನಗೆ ಹೊಸ ವಿಷಯವಾಗಿತ್ತು. ಜಂತುಹುಳುವಿನ ಗುಳಿಗೆಯನ್ನು ಮಳೆಗಾಲದಲ್ಲಿ ತಪ್ಪಿಸಬಾರದೆಂದು ಅವರು ಒತ್ತಿ ಹೇಳಿದ್ದು ಅದಕ್ಕೇ.

ಇನ್ನೊಂದು ಮಾತು ಅಂಗಳದ ಬಗ್ಗೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಅಥವಾ ಸುಣ್ಣ ಎರಚುವುದು ನಮ್ಮಲ್ಲಿ ಮನೆಮನೆಯ ರೂಢಿ. ನಮ್ಮ ಮನೆಯಲ್ಲೂ ಹಾಕುತ್ತಿದ್ದೆವು, ಬೊಳ್ಳು ಅದರ ಮೇಲೆಯೇ ನಡೆದು ಬಂದು ಜಗಲಿಯಲ್ಲಿ ಕಾಲು ನೆಕ್ಕುತ್ತಿತ್ತು. ಚರ್ಮ ಸುಡುವ ವಸ್ತುವನ್ನು ಅದರ ಪಾದಕ್ಕೂ ಬಾಯಿಗೂ ನಾವೇ ಒದಗಿಸಿದಂತಾಗಿತ್ತು. ಅಡಿಕೆಗೆ ಮದ್ದು ಬಿಡುವ ದಿನಗಳೂ ಹಾಗೆಯೇ: ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತು ಮತ್ತು ಸುಣ್ಣ, ಅದು ಮರದಿಂದ ತೊಟ್ಟಿಕ್ಕಿ ನೆಲದ ಹುಲ್ಲಿನ ಮೇಲೆ ನೀಲಿಯಾಗಿ ಕೂತಿರುತ್ತದೆ. ಆ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡಬಾರದು. ಕಳೆನಾಶಕ ಹೊಡೆದ ದಾರಿಬದಿಗೂ, ನೆಲ ಒರೆಸುವ ಫಿನಾಯಿಲಿಗೂ ಇದೇ ಮಾತು. ಅಂಗಳಕ್ಕೆ ಪೌಡರ್ ಹಾಕುವುದನ್ನು ನಿಲ್ಲಿಸಿ ಗಟ್ಟಿ ಹಿಡಿಸೂಡಿಯಿಂದ ಉಜ್ಜತೊಡಗಿದ ಮೇಲೆಯೇ ಶಾಂಪೂವಿನ ಗುಣ ಸರಿಯಾಗಿ ಕಾಣಿಸಿತು ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ಬಳಸುವ ಕ್ರಮ. ಬಾಟಲಿಯಲ್ಲಿ ಇದರ ವಿವರ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು ಮಾತ್ರ ಇದೆ, ಕನ್ನಡದಲ್ಲಿ ಒಂದು ಪದವೂ ಇಲ್ಲ. ಈ ವಸ್ತುವಿನ ಮೇಲೆ ನನ್ನ ಮೊದಲ ದೂರು ಅದೇ. ಮೊದಲು ಕೆಸರನ್ನು ಬರಿಯ ನೀರಿನಲ್ಲಿ ತೊಳೆಯಬೇಕು. ನಾನು ಆರಂಭದಲ್ಲಿ ಮೈಸಾಬೂನು ಹಾಕಿ ಕೆಸರು ತೆಗೆದು ಆಮೇಲೆ ಶಾಂಪೂ ಹಚ್ಚುತ್ತಿದ್ದೆ. ಸಾಬೂನಿನ ಅಂಶ ಉಳಿದರೆ ಕ್ಲೋರ್‌ಹೆಕ್ಸಿಡಿನ್ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಬಿಟ್ಟೆ. ಬೆರಳ ಸಂದಿನ ಉದ್ದ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಮೊದಲೇ ಕತ್ತರಿಸಿಟ್ಟರೆ ಮದ್ದು ಚರ್ಮಕ್ಕೆ ತಲಪುತ್ತದೆ. ನಾಲ್ಕು ಪಾದಕ್ಕೆ ಒಟ್ಟು 10 ಮಿಲಿಲೀಟರ್ ಸಾಕು. ಅದನ್ನು ಅಂಗೈಯಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಪ್ರತಿ ಸಂದಿಗೂ ಬೆರಳು ಹಾಕಿ, ಉಗುರಿನ ಬುಡಕ್ಕೂ ಅಂಗಾಲಿನ ಗುಳಿಗೂ ಮೆಲ್ಲನೆ ಉಜ್ಜಬೇಕು. ನೊರೆ ಹೆಚ್ಚು ಬರುವುದಿಲ್ಲ. ನೊರೆಗಾಗಿ ಮತ್ತೆ ಮತ್ತೆ ಸುರಿದುಕೊಳ್ಳುವ ಅಗತ್ಯವಿಲ್ಲ.

ಆಮೇಲಿನ ಹತ್ತು ನಿಮಿಷಗಳೇ ಈ ಮದ್ದಿನ ಪ್ರಾಣ. ಹಚ್ಚಿದ ತಕ್ಷಣ ತೊಳೆದುಬಿಟ್ಟರೆ ಕೊಳೆ ಹೋಗುತ್ತದೆ, ಯೀಸ್ಟ್ ಉಳಿಯುತ್ತದೆ. ಹತ್ತು ನಿಮಿಷವೆಂದರೆ ಗಡಿಯಾರ ನೋಡಿ ಹತ್ತು. ಅಂದಾಜಿನ ಹತ್ತು ನಿಮಿಷ ಯಾವಾಗಲೂ ನಾಲ್ಕಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತು ನಾಯಿ ನೊರೆಯನ್ನು ನೆಕ್ಕದಂತೆ ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ನಮ್ಮ ಮನೆಯಲ್ಲಿ ಅಮ್ಮ ಬಚ್ಚಲಿನ ಬಾಗಿಲಲ್ಲಿ ಮಣೆ ಹಾಕಿ ಕೂತು, ಸೌತೆಕಾಯಿಯ ಸಣ್ಣ ಹೋಳುಗಳನ್ನು ಒಂದೊಂದಾಗಿ ಕೊಡುತ್ತಾ ಅದರೊಡನೆ ತುಳುವಿನಲ್ಲಿ ಮಾತಾಡುತ್ತಿರುತ್ತಾರೆ. ಬೊಳ್ಳು ಕಿವಿ ನಿಮಿರಿಸಿ, ನೊರೆ ಮೆತ್ತಿದ ನಾಲ್ಕು ಕಾಲುಗಳ ಮೇಲೆ ಕದಲದೆ ನಿಂತು, ಅವರ ಕೈಯನ್ನೇ ನೋಡುತ್ತಿರುತ್ತದೆ. ಒಬ್ಬರೇ ಇರುವವರು ನಾಯಿಯ ಕುತ್ತಿಗೆಗೆ ನೆಕ್ಕದಂತೆ ತಡೆಯುವ ಕೋನ್ ಹಾಕುವುದು ಒಳ್ಳೆಯದು. ಕಣ್ಣಿಗೂ ಕಿವಿಯ ಒಳಗೂ ಈ ಮದ್ದು ತಾಗಬಾರದು. ಹತ್ತು ನಿಮಿಷದ ನಂತರ ಚೆನ್ನಾಗಿ ನೀರು ಹೊಯ್ದು ತೊಳೆಯಬೇಕು.

ಒಣಗಿಸುವುದು ತೊಳೆಯುವಷ್ಟೇ ಮುಖ್ಯ. ಬೈರಾಸಿನಿಂದ ಮೇಲಿಂದ ಒರೆಸಿದರೆ ಸಂದು ಒದ್ದೆಯಾಗಿಯೇ ಇರುತ್ತದೆ. ಹಳೆಯ ಹತ್ತಿ ಪಂಚೆಯನ್ನು ಹರಿದು ಮಾಡಿದ ಸಣ್ಣ ತುಂಡುಗಳನ್ನು ಪ್ರತಿ ಬೆರಳಿನ ನಡುವೆ ತೂರಿಸಿ, ಒತ್ತಿ ಹಿಡಿದು ತೇವ ಹೀರಿಸಬೇಕು. ತುಳುವರ ಆಟಿ ತಿಂಗಳ ಜಡಿಮಳೆಯ ದಿನಗಳಲ್ಲಿ, ಬಟ್ಟೆಯೇ ಮೂರು ದಿನ ಒಣಗದಿರುವಾಗ, ಡ್ರೈಯರ್‌ನ ತಣ್ಣನೆಯ ಗಾಳಿಯನ್ನೂ ಹಿಡಿದಿದ್ದೇನೆ. ಶಾಂಪೂ ಹಚ್ಚದ ದಿನಗಳಲ್ಲಿಯೂ ಹೊರಗಿನಿಂದ ಬಂದ ಪ್ರತಿ ಸಲ ಕಾಲನ್ನು ನೀರಿನಲ್ಲಿ ತೊಳೆದು ಹೀಗೆಯೇ ಒಣಗಿಸುತ್ತಿದ್ದೆವು. ಮಲ್ಪೆಯ ಕಡೆಗೋ ಪಡುಕೆರೆಗೋ ಕರೆದುಕೊಂಡು ಹೋದ ದಿನ ಉಪ್ಪು ನೀರು ಮತ್ತು ಹೊಯಿಗೆ ಸಂದಿನಲ್ಲಿ ಉಳಿಯದಂತೆ ಇನ್ನೂ ಹೆಚ್ಚು ಜಾಗ್ರತೆ ಬೇಕು.

ಮೊದಲ ನಾಲ್ಕು ವಾರ ವಾರಕ್ಕೆ ಎರಡು ಸಲ, ನಂತರದ ಹನ್ನೆರಡು ವಾರ ವಾರಕ್ಕೊಮ್ಮೆ ತೊಳೆಯಲು ನಮಗೆ ಹೇಳಿದ್ದರು. ಒಂದನೆಯ ವಾರ ಮುಗಿಯುವಾಗ ಕಮಟು ವಾಸನೆ ಹೋಯಿತು. ಎರಡನೆಯ ವಾರದ ಕೊನೆಗೆ ಸಂದಿನ ಕೆಂಪು ಇಳಿದು, ರಾತ್ರಿಯ ನೆಕ್ಕಾಟ ಅರ್ಧ ಗಂಟೆಯಿಂದ ಐದು ನಿಮಿಷಕ್ಕೆ ಬಂತು. ನಾಲ್ಕನೆಯ ವಾರ ವೈದ್ಯರು ಮತ್ತೆ ಅಂಟುಪಟ್ಟಿ ಒತ್ತಿ ನೋಡಿದಾಗ ಆ ನೀಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿದ್ದವು. ಆರನೆಯ ವಾರ ಎಡೆಬಿಡದ ಮಳೆಗೆ ಸೋತು ಒಂದು ತೊಳೆತವನ್ನು ತಪ್ಪಿಸಿ, ನಾಲ್ಕೈದು ದಿನ ಕಾಲು ಒಣಗಿಸುವುದರಲ್ಲಿಯೂ ಉದಾಸೀನ ಮಾಡಿದೆವು. ಬಲಗಾಲಿನ ಸಂದು ಮತ್ತೆ ಜಿಡ್ಡಾಯಿತು. ಮರುವಾರ ಎರಡು ಸಲ ತೊಳೆದ ಮೇಲೆ ಸರಿಯಾಯಿತು. ತುಕ್ಕಿನ ಬಣ್ಣವಂತೂ ಶಾಂಪೂವಿನಿಂದ ಹೋಗಲಿಲ್ಲ, ಹೋಗುವುದೂ ಇಲ್ಲ. ಬಣ್ಣ ಹಿಡಿದ ಕೂದಲು ಉದುರಿ ಹೊಸದು ಬಂದಾಗ, ಸೆಪ್ಟೆಂಬರ್ ಹೊತ್ತಿಗೆ, ಪಾದ ಮತ್ತೆ ಬಿಳಿಯಾಯಿತು.

ಕೊರತೆಗಳಿಲ್ಲವೆಂದಲ್ಲ. ಸುಗಂಧ ಅನಗತ್ಯವಾಗಿ ಜೋರಾಗಿದೆ, ಮೂಗೇ ಜೀವವಾಗಿರುವ ಪ್ರಾಣಿಗೆ ಅದು ಹಿತವಾಗಿರಲಾರದು. ಮೊದಲ ಕೆಲವು ಸಲ ಬೊಳ್ಳು ತೊಳೆದ ಕಾಲನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಹತ್ತನೆಯ ವಾರದ ಸುಮಾರಿಗೆ ಅಂಗಾಲಿನ ಅಂಚು ಸ್ವಲ್ಪ ಒಣಗಿ ಒರಟಾಯಿತು. ಮುಚ್ಚಳದ ತೂತು ದೊಡ್ಡದಾದ್ದರಿಂದ ಒತ್ತಿದರೆ ಬೇಕಾದ್ದರ ಎರಡರಷ್ಟು ಹೊರಬರುತ್ತದೆ, ಕೆಮ್ಮಿನ ಔಷಧದ ಅಳತೆ ಮುಚ್ಚಳವನ್ನು ಇದಕ್ಕೆಂದೇ ಎತ್ತಿಟ್ಟುಕೊಂಡೆ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಯೀಸ್ಟ್ ಏಕೆ ಬೆಳೆಯಿತು ಎಂಬುದಕ್ಕೆ ಶಾಂಪೂವಿನಲ್ಲಿ ಉತ್ತರವಿಲ್ಲ. ಬಹಳ ನಾಯಿಗಳಲ್ಲಿ ಮೂಲ ಕಾರಣ ಅಲರ್ಜಿ. ಮನೆಯ ಧೂಳಿನ ಹುಳ, ಬೂಸ್ಟು, ಹುಲ್ಲಿನ ಪರಾಗ ಇವುಗಳಿಗೆ ಒಗ್ಗದ ನಾಯಿ ಮನುಷ್ಯರಂತೆ ಸೀನುವುದಕ್ಕಿಂತ ಹೆಚ್ಚಾಗಿ ತುರಿಸಿಕೊಳ್ಳುತ್ತದೆ: ಪಾದ, ಕಿವಿ, ಹೊಟ್ಟೆ, ಕಂಕುಳು. ಸಾಮಾನ್ಯವಾಗಿ ಇದು ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್ ಮುಂತಾದ ತಳಿಗಳಲ್ಲಿ ಹೆಚ್ಚು. ಋತುವಿನ ಹಂಗಿಲ್ಲದೆ ವರ್ಷವಿಡೀ ನೆಕ್ಕುವ ನಾಯಿಯಲ್ಲಿ ಆಹಾರದ ಅಲರ್ಜಿಯನ್ನೂ ನೋಡಬೇಕಾಗುತ್ತದೆ. ಅದನ್ನು ತಿಳಿಯುವ ನಂಬಿಕಸ್ಥ ದಾರಿಯೆಂದರೆ ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನನ್ನು ಮಾತ್ರ ಕನಿಷ್ಠ 8 ವಾರ ಕೊಟ್ಟು ನೋಡುವುದು. ಕೋಳಿ, ಹಾಲು, ದನದ ಮಾಂಸ, ಗೋಧಿ ಇವು ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವ ಆಹಾರಗಳು. ಕೋಳಿಯ ಬದಲು ಮೀನು ಕೊಡಿ ಎಂಬ ಸಲಹೆ ಬೇರೆ ಊರಿಗೆ ಸರಿ. ಕಣ್ಣು ಬಿಟ್ಟಂದಿನಿಂದ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆಯ ತಲೆ ತಿಂದು ಬೆಳೆದ ನಮ್ಮ ನಾಯಿಗಳಿಗೆ ಮೀನು ಹೊಸದಲ್ಲ. ಆ 8 ವಾರಗಳಲ್ಲಿ ಬಿಸ್ಕತ್ತಿನ ಒಂದು ತುಂಡೂ, ಆಚೆಮನೆಯಿಂದ ಬರುವ ಬೂತಾಯಿ ಮೀನಿನ ಮುಳ್ಳೂ ಬಾಯಿಗೆ ಹೋಗಬಾರದು. ತುರಿಕೆ ತೀವ್ರವಾಗಿದ್ದರೆ ಓಕ್ಲಾಸಿಟಿನಿಬ್‌ನಂತಹ ಗುಳಿಗೆಗಳಿವೆ, ಅವನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಬೇಕು. ಬೊಳ್ಳುವಿಗೆ ಮಳೆ ನಿಂತ ಮೇಲೆ ಬೇಸಿಗೆಯಿಡೀ ನೆಕ್ಕಾಟ ಇರಲಿಲ್ಲವಾದ್ದರಿಂದ ಈ ಪರೀಕ್ಷೆಗಳಿಗೆ ಅವಸರವಿಲ್ಲವೆಂದು ನಮ್ಮ ವೈದ್ಯರು ಹೇಳಿದ್ದಾರೆ.

ಪಾದದಲ್ಲಿ ಕೀವು, ರಕ್ತ, ಬೆರಳ ನಡುವೆ ಬೊಕ್ಕೆ, ಊತ ಅಥವಾ ಕುಂಟುವಿಕೆ ಇದ್ದರೆ ಈ ಶಾಂಪೂ ಕೊಳ್ಳುವ ಮೊದಲು ನಾಯಿಯನ್ನು ವೈದ್ಯರಿಗೆ ತೋರಿಸಬೇಕು. ಆಳಕ್ಕೆ ಇಳಿದ ಸೋಂಕಿಗೆ ಮೇಲಿನ ತೊಳೆತ ಸಾಲದು.

ಬೆಲೆಯ ವಿಚಾರ. ನಾನು ಕೊಂಡ 200 ಮಿಲಿಲೀಟರ್ ಬಾಟಲಿಗೆ 540 ರೂಪಾಯಿ ಆಯಿತು. ಮೊದಲ ನಾಲ್ಕು ವಾರದ ಎಂಟು ತೊಳೆತ, ನಂತರದ ಹನ್ನೆರಡು ವಾರದ ಹನ್ನೆರಡು ತೊಳೆತ, ಒಟ್ಟು 20. ತಪ್ಪಿಸಿದ ಒಂದು ಮತ್ತು ಮರಳಿ ಮಾಡಿದ ಒಂದು ಸರಿಹೋಗಿ, ಒಂದು ಬಾಟಲಿ ಸರಿಯಾಗಿ ಒಂದು ಮಳೆಗಾಲಕ್ಕೆ ಬಂತು. ಅಂದರೆ ಒಂದು ಸಲಕ್ಕೆ 27 ರೂಪಾಯಿ. ಇದು ಪಾದಕ್ಕೆ ಮಾತ್ರ. ಮೈಯೆಲ್ಲ ತೊಳೆಯಬೇಕಾದ ನಾಯಿಗೆ ಲೆಕ್ಕ ಬೇರೆಯಾಗುತ್ತದೆ. ಕೊಳ್ಳುವಾಗ ಎರಡು ಔಷಧಗಳ ಹೆಸರು ಮತ್ತು ಶೇಕಡಾವಾರು ಪ್ರಮಾಣವನ್ನು ಬಾಟಲಿಯ ಮೇಲೆ ಸ್ವತಃ ಓದಿ ನೋಡಿ, ಏಕೆಂದರೆ ಮೊದಲ ಸಲ ಅಂಗಡಿಯೊಂದರಲ್ಲಿ "ಎಲ್ಲ ಒಂದೇ ಸರ್" ಎಂದು ನನಗೆ ಕೊಟ್ಟದ್ದು ಬರಿಯ ಪರಿಮಳದ ನಾಯಿ ಶಾಂಪೂ. ಅವಧಿ ಮುಗಿಯುವ ದಿನಾಂಕ ಮುಂದಿನ ಸೆಪ್ಟೆಂಬರ್ ದಾಟಿದೆಯೇ ಎಂದೂ ನೋಡಿ.

ಈ ವರ್ಷದ ಬಾಟಲಿಯನ್ನು ಮೇ ಕೊನೆಯಲ್ಲಿಯೇ ತಂದಿಟ್ಟಿದ್ದೇನೆ. ಮೊದಲ ಮಳೆ ಬಿದ್ದ ವಾರದಿಂದಲೇ, ಕೂದಲು ಕೆಂಪಾಗುವುದನ್ನು ಕಾಯದೆ, ವಾರಕ್ಕೊಮ್ಮೆ ತೊಳೆಯಲು ವೈದ್ಯರು ಹೇಳಿದ್ದಾರೆ. ಪಂಚೆಯ ತುಂಡುಗಳನ್ನು ಅಮ್ಮ ಆಗಲೇ ಒಗೆದು ಬಚ್ಚಲಿನ ಹಗ್ಗದ ಮೇಲೆ ಹಾಕಿದ್ದಾರೆ.